ಬಲಗಡೆ ಲೈಟು

ಡಿಸೆಂಬರ್ ೩, ಮಂಗಳವಾರ

ಇವತ್ತ ಮಾಡಿದ ಕೆಲಸ ಬರದ ಇಡಬೇಕು ಅನಸೇತಿ. ನಮ್ಮೂರ ಸಾವ್ಕಾರ್ರು ಜಿನೇಂದ್ರಣ್ಣಾರ ಬಿಳಿ ಕಾರು ಹನ್ನೆರಡ ವರ್ಷದ್ದು. ಮುಂಜಾನೆ ಬಂದಾಗ ಮುಂದಿನ ಎರಡೂ ಲೈಟಿನ ಗ್ಲಾಸು ಹಳದಿ ಹಿಡದು, ಒಳಗ ಬಲ್ಬ್ ಎಲ್ಲೈತಿ ಅಂತ ಬಗ್ಗಿ ಹುಡುಕೂವಂಗ ಇತ್ತು. ಎಂಟನೂರ ನಂಬರ್ ಒರಟ ವಾಟರ್ ಪೇಪರ್‌ನಿಂದ ಚಾಲೂ ಮಾಡಿ ಮೂರ ಸಾವಿರದ ನುಣ್ಣನ ಪೇಪರ್ ತನಕ ನೀರ ಬಿಟಗೋತ ತಿಕ್ಕಿದ್ನಿ. ಮೊದಲ ಮೊದಲ ಗ್ಲಾಸು ಮಜ್ಜಿಗಿಯಂಗ ಬೆಳ್ಳಗ ಆಗ್ತೈತಿ. ಗೊತ್ತಿಲ್ಲದವ್ರು "ಅಯ್ಯ, ಕೆಡಿಸಿದ್ಳು" ಅಂತಾರ. ಆಮ್ಯಾಲ ಕಂಪೌಂಡ್ ಹಚ್ಚಿ ಮಷಿನ್ ತಿರುವಿದ್ರ ನಿಧಾನಕ ತಿಳಿ ಆಗ್ತೈತಿ. ಕಡೀಕ ಲ್ಯಾಕರ್ ಹೊಡದು ಬಿಸಲಾಗ ನಿಲ್ಲಿಸೂದು. ಲ್ಯಾಕರ್ ಹೊಡೀಲಿಲ್ಲಂದ್ರ ನಾಲ್ಕ ತಿಂಗಳಿಗೆ ಮತ್ತ ಹಳದಿ.

ಸದಲಗಾದಿಂದ ಚಿಕ್ಕೋಡಿಗೆ ಹೋಗೂ ರಸ್ತಾದ ಮ್ಯಾಲ ಈ ಕೆಲಸ ಮಾಡಾಕಿ ನಾ ಒಬ್ಬಾಕಿನ. ಶೆಡ್ಡಿನ ಆ ಕಡೆ ನಮ್ಮನಿಯವ್ರ ಡೆಂಟಿಂಗ್, ಪೇಂಟಿಂಗ್. ಈ ಕಡೆ ನನ್ನ ಲೈಟು. ಮೊಬೈಲ್‌ನ್ಯಾಗ ನೋಡಿ ಕಲತದ್ದು. ಮೊದಲ ವರ್ಷ "ಹೆಂಗಸಿನ ಕೈಯಾಗ ಗಾಡಿ ಕೊಡೂದಾ?" ಅಂತ ನಕ್ಕವ್ರ ಈಗ ನನ್ನ ಬಾಗಲಕ್ಕ ಬರ್ತಾರ. ಬೋರ್ಡಿನ ಮ್ಯಾಲ ಮಾತ್ರ ಇನ್ನೂ 'ಸಮಾಧಾನ ಗ್ಯಾರೇಜ್' ಅಂತ ಇವ್ರ ಹೆಸರ ಐತಿ. ಇರಲಿ.

ಬಲಗಡೆ ಲೈಟಿನ ಒಳಗ ನೀರ ಹೊಕ್ಕಿತ್ತು ಅಂತ ಅದನ್ನ ಪೂರ್ತಿ ಹೊರಗ ತಗೀಬೇಕಾತು. ಹೊಳ್ಳಿ ಕುಂಡ್ರಸೂವಾಗ ಲೈಟ್ ಹಿಡದಿಡೂ ಹಿಂದಿನ ಪ್ಲಾಸ್ಟಿಕ್ ಕ್ಲಿಪ್ ಒಂದ ಮುರೀತು. ಹಳೆ ಪ್ಲಾಸ್ಟಿಕ್, ಮುರೀದ ಏನ ಮಾಡತೈತಿ. ಎರಡ ಟ್ಯೂಬಿಂದ ಕಲಸೂ ಅಂಟ ಹಚ್ಚಿ ಹೆಬ್ಬಟ್ಟಿಲೆ ಒತ್ತಿ ಕುಂಡ್ರಿಸಿದ್ನಿ. ಗಟ್ಟಿ ಐತಿ. ಬೆಳಕ ಎಷ್ಟ ಎತ್ತರಕ್ಕ ಬೀಳತೈತಿ, ಆ ಸೆಟ್ಟಿಂಗ್ ನೋಡಬೇಕಂದ್ರ ಗ್ವಾಡಿ ಮ್ಯಾಲ ಬೆಳಕ ಬಿಟ್ಟ ನೋಡಬೇಕು, ಅದಕ್ಕ ಕತ್ತಲಿ ಆಗಬೇಕು. ಅಣ್ಣಾರಿಗೆ ಉಗಾರದಾಗ ತಂಗಿ ಮಗಳ ಲಗ್ನ, ಹನ್ನೆರಡಕ್ಕ ಅಕ್ಷತಾ. ನಿಂತ ಜಾಗಾದಾಗ ಕುಣ್ಯಾಕತ್ತಿದ್ರು. ನಾ ಏನೂ ಹೇಳಾಕ ಹೋಗಲಿಲ್ಲ. ಹೆಂಗೂ ಊರಾಗ ಇರ್ತಾರ, ಯಾವಾಗರೆ ಬಂದಾಗ ನೋಡಿದ್ರಾತು.

ಹೋಗೂವಾಗ ಲೈಟಿನ ಮುಂದ ಬಗ್ಗಿ ಟೊಪಗಿ ಸರಿ ಮಾಡ್ಕೊಂಡ್ರು. "ಸುಗಂಧಾಬಾಯಿ, ಇದರಾಗ ಮುಖಾ ಕಾಣಾಕತ್ತೈತಲ್ಲ!"

ಡಿಸೆಂಬರ್ ೭, ಶನಿವಾರ

ಮುಂಜಾನೆ ಚಹಾದ ಅಂಗಡ್ಯಾಗ ಸುದ್ದಿ. ತಾತ್ಯಾಸಾಹೇಬ ಮಾಮಾ ಬಿದ್ದಾರ. ತೋಟದಾಗಿನ ವಸ್ತಿ ಮನಿಯಿಂದ ದಿನಾ ಐದೂವರಿಗೆ ಬೈಕಿನ ಎರಡೂ ಬಾಜೂ ಕ್ಯಾನ್ ಹಾಕ್ಕೊಂಡು ಡೇರಿಗೆ ಹಾಲ ಒಯ್ಯೂ ಮನಷ್ಯಾ. ಎದುರಿಗೆ ಬಂದ ಕಾರಿನ ಬೆಳಕ ಕಣ್ಣಿಗೆ ಹೊಡದು, ರಸ್ತಾ ಕಾಣದ ಕಾಲವಿ ಬಾಜೂದ ತಗ್ಗಿಗೆ ಹೋಗ್ಯಾರ. ತೊಡಿ ಎಲಬ ಮುರದೈತಿ. ಮೀರಜಿಗೆ ಒಯ್ದಾರ.

ಕಾರು ಜಿನೇಂದ್ರಣ್ಣಾರದು.

ತಾಗಿಲ್ಲಂತ. ಅವ್ರ ಇಳದು, ತಗ್ಗಿನಾಗಿಂದ ಎತ್ತಿ, ಅದ ಕಾರಿನಾಗ ಹಾಕ್ಕೊಂಡ ದವಾಖಾನಿಗೆ ಒಯ್ದರಂತ. ಆದ್ರೂ ಮಂದಿ ಸುಮ್ಮಿರತಾರಾ? "ಅಪ್ಪರ್ ಹಾಕ್ಕೊಂಡ, ಬೆಳಕ ಮ್ಯಾಲ ಬಿಟಗೊಂಡ ಬಂದಾನ", "ಕುಡದಿದ್ದ" ಅಂತ ಒಬ್ಬೊಬ್ರ ಒಂದೊಂದು. ಹೊತ್ತ ಮುಳಗಿದ ಮ್ಯಾಲ ಒಂದ ತುತ್ತ ತಿನ್ನದ ಮನಷ್ಯಾ ಅವ್ರು, ಎಲ್ಲಿದ ಕುಡಿಯೂದು. ಪೊಲೀಸ್ರು ಕಾರು ಠಾಣಾಕ್ಕ ಒಯ್ದಾರ.

ನಾ ಎರಡ ಗಾಡಿ ಮಾಡಿದ್ನಿ. ಒಂದ ಚೊಲೋ ಆಗಲಿಲ್ಲ, ಪೇಪರಿನ ಗೆರಿ ಉಳದಾವ.

ಡಿಸೆಂಬರ್ ೮, ಭಾನುವಾರ

ಈಗಿನ ಗಾಡಿ ಎಲ್ಲಾವೂ ಕಣ್ಣಿಗೆ ಹೊಡೀತಾವ. ಕಬ್ಬಿನ ಟ್ರ್ಯಾಕ್ಟರ್ ನೋಡಬೇಕು, ತಲಿ ಮ್ಯಾಲ ನಾಲ್ಕ ಫೋಕಸ್. ಅವನ್ನ ಯಾರೂ ಏನೂ ಅನ್ನೂದಿಲ್ಲ.

ಡಿಸೆಂಬರ್ ೧೦, ಮಂಗಳವಾರ

ಮಧ್ಯಾಹ್ನ ಜಿನೇಂದ್ರಣ್ಣಾರು ನಡಕೊಂಡ ಬಂದ್ರು. ಬಿಸಲಾಗ ಒಂದ ಮೈಲಿ. ನಾಲ್ಕ ದಿನದಾಗ ಗಲ್ಲ ಒಳಗ ಹೋಗ್ಯಾವ. ಸ್ಟೂಲ್ ಒರಿಸಿ ಕೊಟ್ನಿ. ಕುಂತು, ತಮ್ಮ ಬಾಟಲಿ ನೀರ ಕುಡದ್ರು.

"ಸುಗಂಧಾಬಾಯಿ, ಒಂದ ಕೇಳ್ತೀನಿ. ಬೆಳಕ ಕೆಳಗ ಇಳಿಸಿ ಡಿಪ್ಪರ್ ಹಾಕೀನಿ ಅನಕೊಂಡು ಅಪ್ಪರ್ ಹಾಕಿರೂದು ಆಗ್ತೈತೇನು? ಗೊತ್ತಿಲ್ಲದ?"

ನಾ ಪೇಪರ್ ತೊಯಸಾಕತ್ತಿದ್ನಿ. "ಆಗಬಹುದ್ರಿ" ಅಂದ್ನಿ.

"ನನ್ನ ತಲ್ಯಾಗ ಡಿಪ್ಪರ್ ಇತ್ತು ಅಂತನ ಐತಿ. ಬಟನ್ ತಿರುವಿದ್ದು ಕೈಯಾಗ ಐತಿ. ಆದ್ರ ತಾತ್ಯಾ ಸುಳ್ಳ ಯಾಕ ಹೇಳ್ಯಾನ? ಕಣ್ಣಿಗೆ ಹೊಡೀತು ಅಂತಾನ. ಅಂದ್ರ ನಂದ ತಪ್ಪ ಆಗಿರಬೇಕು. ವಯಸ್ಸಾತು ನನಗ. ಲೈಟರೆ ಎಷ್ಟ ಚಂದ ಮಾಡಿ ಕೊಟ್ಟಿದ್ದಿ ನೀ. ಇಷ್ಟ ಬೆಳಕ ಇಟ್ಕೊಂಡು ಒಬ್ಬನ ಕಾಲ ಮುರದ್ನಿ."

ನನ್ನ ಕೆಲಸದ ಹೊಗಳಿಕಿ ಹೇಳಿ ಎದ್ದ ಹೋದ್ರು.

ಅಂಟು ಬಿಟ್ಟಿರೂದಿಲ್ಲ. ಗಟ್ಟಿ ಒತ್ತೀನಿ.

ಡಿಸೆಂಬರ್ ೧೧, ಬುಧವಾರ

ಇವ್ರಿಗೆ ಹೇಳಿದ್ನಿ. ಊಟಾ ಮಾಡಾಕತ್ತಿದ್ರು. ಕ್ಲಿಪ್ ಮುರದಿದ್ದು, ಅಂಟು, ಸೆಟ್ಟಿಂಗ್ ನೋಡದ ಬಿಟ್ಟಿದ್ದು, ಎಲ್ಲಾ. ರೊಟ್ಟಿ ಕೈಯಾಗ ಹಿಡಕೊಂಡ ಕೇಳಿದ್ರು.

"ಪೊಲೀಸ್ರು ಕೇಳ್ಯಾರಾ?"

"ಇಲ್ಲ."

"ಜಿನೇಂದ್ರಣ್ಣ ಕೇಳ್ಯಾನಾ?"

"ಇಲ್ಲ. ಅವ್ರು ತಮ್ಮದ ತಪ್ಪ ಅಂತಾರ."

"ಮತ್ತ? ಕೇಳದವರ ಮುಂದ ಹೋಗಿ ಹೇಳತಿಯೇನು? ಅಂಟು ಬಿಟ್ಟೈತಿ ಅಂತ ನೋಡಿದಿಯಾ? ನೋಡಿಲ್ಲ. ಅವನ ಕೈನ ತಪ್ಪಿದ್ರ?"

"ತಪ್ಪಿದ್ರ... ತಪ್ಪಿರಬಹುದು."

"ಹಂಗಾರ ಬಾಯಿ ಮುಚ್ಕೊಂಡಿರು. ಮೊದಲ ನಮ್ಮ ಕೇರಿ ಮಂದಿಗೆ ಒಂದ ಶೆಡ್ಡು ನಿಲ್ಲಸಾಕ ಎಷ್ಟ ವರ್ಷ ಹಿಡೀತು ನಿನಗ ಗೊತ್ತೈತಿ. ಅದರಾಗ ಹೆಂಗಸಿನ ಕೆಲಸ. ಹೇಳಿದ ಮರದಿನಾ ಒಂದ ಗಾಡೀನೂ ಈ ಕಡೆ ಹೊಳ್ಳೂದಿಲ್ಲ."

ತಪ್ಪ ಮಾತ ಏನ ಹೇಳ್ಯಾರ? ಎಲ್ಲಾ ಖರೇನ. ನಿದ್ದಿ ಮಾತ್ರ ಬರಲಿಲ್ಲ.

ಡಿಸೆಂಬರ್ ೧೫, ಭಾನುವಾರ

ಮೀರಜಿಗೆ ಹೋಗಿದ್ನಿ. ಇವ್ರಿಗೆ ತವರಮನಿಗೆ ಅಂತ ಹೇಳಿದ್ನಿ. ಬಾಳಿಹಣ್ಣು, ಬಿಸ್ಕೀಟ್ ಒಯ್ದಿದ್ನಿ. ಊರಾಕಿ ಅಂತ ನೋಡಾಕ ಬಂದಾಳ ಅನಕೊಂಡ್ರು.

ಮಾಮಾನ ಹೆಂಡತಿ ಸುಂದರಾ ಮಾವಶಿ ಕಾಟಿನ ಬುಡಕ ಹಾಸಿಗಿ ಹಾಕ್ಕೊಂಡ ಎಂಟ ದಿನ ಆತು. ಮಗಳ ಕಾಗವಾಡದಾಗ, ಬಾಣಂತಿ. ಗಂಡಮಗಾ ಇಲ್ಲ. ಎಮ್ಮಿ ಬಾಜೂ ವಸ್ತಿಯವ್ರು ಹಿಂಡತಾರಂತ, ಒಯ್ಯಾಕ ಯಾರೂ ಇಲ್ಲದ ದಿನಾ ಅರ್ಧ ಹಾಲ ಹಾಳ. ಆದ್ರೂ ನನ್ನ ಕೈ ಹಿಡದು ಕುಂಡ್ರಿಸಿ, "ನೀರಡಿಕಿ ಆಗೇತೇನವ್ವ, ಬಸ್ಸಿಗೆ ಬಂದಿ" ಅಂದ್ರು.

ಮಾಮಾನ ಕಾಲಿಗೆ ಭಾರ ಕಟ್ಯಾರ. ತಾವಾಗೇ ಹೇಳಾಕ ಸುರು ಮಾಡಿದ್ರು.

"ಹವಾಲ್ದಾರಗ ಹೇಳಿದ್ನಿ, ಅಂವ ಬರಕೊಳ್ಳಲಿಲ್ಲ. ಅಪ್ಪರ್ ಇತ್ತಲ್ಲ ಅಂತಾನ. ಅಪ್ಪರ್ ಇದ್ರ ಎರಡೂ ಲೈಟ್ ಕಣ್ಣಿಗೆ ಬರ್ತಾವಲ್ಲವ್ವ? ನಲವತ್ತ ವರ್ಷ ಆ ರಸ್ತಾದಾಗ ಓಡ್ಯಾಡೀನಿ ನಾ. ಒಂದ ಲೈಟು ಕೆಳಗ ರಸ್ತಾದ ಮ್ಯಾಲ ಇತ್ತು. ಇನ್ನೊಂದು ಸೀದಾ ನನ್ನ ಮುಖಕ್ಕ ಬಂತು. ಒಂದ. ಕಾರಿನ ಬಲಗಡೇದು."

ಕೈ ಎತ್ತಿ ತೋರಿಸಿದ್ರು, ಹೆಂಗ ಬಂತು ಅಂತ.

"ಯಾರೂ ನಂಬೂದಿಲ್ಲ. ಬಿದ್ದಾಗ ತಲಿಗೆ ಪೆಟ್ಟಾಗೇತಿ ಅಂತಾರ. ನಮ್ಮಾಕಿನೂ ನಂಬೂದಿಲ್ಲ."

ಮಾವಶಿ ಬಾಳಿಹಣ್ಣ ಸುಲದು ನನಗ ಅರ್ಧ ಕೊಟ್ರು. ತಿಂದ್ನಿ. ಮುಂದಿನ ಬಸ್ಸ ಹಿಡದು ಹೊಳ್ಳಿ ಬಂದ್ನಿ.

ಡಿಸೆಂಬರ್ ೧೮, ಬುಧವಾರ

ಒಂದ ಗಾಡಿ ಲ್ಯಾಕರ್ ಒಂದ ಸವನ ನಿಲ್ಲದ ಕೆಳಗ ಹರದು ಹೋತು. ತೆಗದು ಮತ್ತ ಮಾಡಿದ್ನಿ. ಮತ್ತ ಹರದಹೋತು. ಇವ್ರು ನೋಡಿ ತಮ್ಮ ಕಡೆ ಹೋದ್ರು.

ಡಿಸೆಂಬರ್ ೨೧, ಶನಿವಾರ

ಠಾಣಾದಾಗಿಂದ ಕಾರು ಬಿಡಿಸಿ ಜಿನೇಂದ್ರಣ್ಣಾರು ನಮ್ಮ ಶೆಡ್ಡಿಗೆ ಕಳಿಸಿದ್ರು. ತಾವು ಹೊಡಕೊಂಡ ಬರಲಿಲ್ಲ. ಬ್ಯಾರೆಯವ್ರ ಕೈಯಾಗ ಕಳಿಸಿ, ತಾವು ಹಿಂದ ಆಟೋದಾಗ ಬಂದ್ರು. ಕಾರಿನ ಬಾಗಲ ಮುಟ್ಟೂದಿಲ್ಲ ಈಗ.

"ತೊಳದು ಒರಿಸಿ ಇಡ್ರಿ. ಮಾರಿ ಬಿಡ್ತೀನಿ. ಇನ್ನ ಗಾಡಿ ನನಗ ಬ್ಯಾಡ."

ಇವ್ರು, "ಕೇಸ್ ಏನಾತ್ರಿ ಅಣ್ಣಾರ?" ಅಂತ ಕೇಳಿದ್ರು.

"ಸೋಮವಾರ ಹೋಗಿ ಜಬಾನಿ ಕೊಡತೀನಿ. ಅಪ್ಪರ್ ಹಾಕಿದ್ನಿ, ನಂದ ತಪ್ಪು ಅಂತ ಬರದು ಸಹಿ ಮಾಡತೀನಿ. ವಕೀಲ ಬ್ಯಾಡಂತಾನ. ಆದ್ರ ಒಬ್ಬನ ಕಾಲ ಮುರದು, 'ನನಗ ನೆನಪಿಲ್ಲ' ಅನ್ನಾಕ ನನ್ನ ಮನಸ್ಸ ಒಪ್ಪೂದಿಲ್ಲ ಸಮಾಧಾನ. ಬಸ್ತಿಗೆ ಹೋಗಿ ದೇವರ ಮುಂದ ನಿಂತ್ರ ಕಣ್ಣ ಮುಚ್ಚಾಕ ಆಗವಲ್ದು."

ಅವ್ರ ಹೋದ ಮ್ಯಾಲ ಇವ್ರು ಕಾರಿನ ಸುತ್ತ ಒಂದ ಸುತ್ತ ಹಾಕಿದ್ರು. ದನಿ ತಗ್ಗಿಸಿ ಹೇಳಿದ್ರು, "ಇದ ಚಾನ್ಸು. ನಿಪ್ಪಾಣ್ಯಾಗ ಹಳೆ ಸಾಮಾನದಾಗ ಇದರ ಲೈಟ್ ಸಿಗತೈತಿ. ಅದರ ಕ್ಲಿಪ್ ತಗದು ಇದಕ್ಕ ಹಾಕು. ಅಲ್ಲಿಗೆ ಮುಗೀತು. ಆಮ್ಯಾಲ ಯಾರ ಅಪ್ಪಗೂ ಗೊತ್ತಾಗೂದಿಲ್ಲ."

"ಮೊದಲ ಗ್ವಾಡಿ ಮ್ಯಾಲ ಬಿಟ್ಟ ನೋಡೂಣು" ಅಂದ್ನಿ.

ಹೊತ್ತ ಮುಳಗಿತು. ಕಾರು ಗ್ವಾಡಿಗೆ ಇಪ್ಪತ್ತೈದ ಫೂಟ್ ದೂರ ನಿಲ್ಲಿಸಿ ಡಿಪ್ಪರ್ ಹಾಕಿದ್ರು ಇವ್ರು. ಎಡಗಡೇದು ಗ್ವಾಡಿಯ ಬುಡಕ, ನನ್ನ ಸೊಂಟದ ಮಟ್ಟಕ್ಕ ಚಂದಗ ಬಿತ್ತು. ಬಲಗಡೇದು ಗ್ವಾಡಿ ಮ್ಯಾಲ ಇರಲೇ ಇಲ್ಲ. ಶೆಡ್ಡಿನ ತಗಡಿಗೆ, ಪೂರಾ ಮ್ಯಾಲ ಹೋಗಿ ಬಿದ್ದಿತ್ತು. ಅಲ್ಲಿದ್ದ ಹಲ್ಲಿ ಸೈತ ಕಾಣಸಾಕತ್ತಿತ್ತು.

ನಾ ಕಾರಿನ ಮುಂದ ಹೋಗಿ ಎದುರಿಗೆ ನಿಂತ್ನಿ, ಬೈಕಿನ ಮ್ಯಾಲ ಕುಂತವನ ಎತ್ತರಕ್ಕ ಬಗ್ಗಿ. ಏನೂ ಕಾಣಲಿಲ್ಲ. ಕಾರಿನಾಗ ಕುಂತ ನನ್ನ ಗಂಡನೂ ಕಾಣಲಿಲ್ಲ.

ಬಾನೆಟ್ ತಗದು ಟಾರ್ಚ್ ಬಿಟ್ಟ ನೋಡಿದ್ವಿ. ಅಂಟು ಕ್ಲಿಪ್ಪಿನಿಂದ ಪೂರಾ ಸರದಿತ್ತು. ಅಂಟಿನ ಮ್ಯಾಲ ನನ್ನ ಹೆಬ್ಬಟ್ಟಿನ ಗುರ್ತ, ಗೆರಿ ಗೆರಿ, ಸಹಿ ಮಾಡಿದಂಗ.

ಇವ್ರು ಬಾನೆಟ್ ಮುಚ್ಚಿದ್ರು. ನಿಪ್ಪಾಣಿ ಮಾತ ಮತ್ತ ತಗೀಲಿಲ್ಲ.

ಡಿಸೆಂಬರ್ ೨೨, ಭಾನುವಾರ

ಸಂಜಿಕ ಬರ್ರಿ ಅಂತ ನಾನ ಫೋನ್ ಮಾಡಿದ್ನಿ. ಜಿನೇಂದ್ರಣ್ಣಾರು ಊಟಾ ಮುಗಿಸಿ, ಹೊತ್ತ ಮುಳಗಿದ ಮ್ಯಾಲ ಬಂದ್ರು. ಕಾರು ಅದ ಜಾಗಾದಾಗ ಇತ್ತು.

"ಅಣ್ಣಾರ, ಒಳಗ ಕುಂಡ್ರಿ. ಡಿಪ್ಪರ್ ಹಾಕ್ರಿ. ನೀವ ಹಾಕ್ರಿ."

"ನಾ ಮುಟ್ಟೂದಿಲ್ಲ ಅಂತ ಹೇಳೀನಲ್ಲ."

"ಒಂದ ಸಲ್ರಿ. ಕೈ ಮುಗೀತೀನಿ."

ಕುಂತ್ರು. ಬಟನ್ ಹುಡುಕಾಕ ಹೊತ್ತ ಹಿಡೀತು. ಬೆಳಕ ಹತ್ತಿತು. ಒಂದ ಗ್ವಾಡಿಗೆ, ಒಂದ ತಗಡಿಗೆ.

ಮೊದಲ ಅವ್ರಿಗೆ ತಿಳೀಲಿಲ್ಲ. ಎರಡ ಸಲ ಬಟನ್ ತಿರುವಿ ತಿರುವಿ ನೋಡಿದ್ರು. ಅಪ್ಪರ್, ಡಿಪ್ಪರ್. ಅಪ್ಪರ್, ಡಿಪ್ಪರ್. ಡಿಪ್ಪರಿಗೂ ಬಲಗಡೇದು ತಗಡು ಬಿಡಲಿಲ್ಲ. ಆಮ್ಯಾಲ ಇಳದ್ರು.

"ನಿಮ್ಮ ಕೈ ತಪ್ಪಿಲ್ರಿ," ಅಂದ್ನಿ. "ಡಿಪ್ಪರ್ ಹಾಕಿದ್ರಿ ನೀವು. ನಾ ಲೈಟ್ ಕುಂಡ್ರಸೂವಾಗ ಕ್ಲಿಪ್ ಮುರದ್ನಿ. ಅಂಟ ಹಚ್ಚಿದ್ನಿ. ಸೆಟ್ಟಿಂಗ್ ನೋಡಲಿಲ್ಲ. ನಿಮಗ ಹೇಳಲಿಲ್ಲ."

ಗ್ವಾಡಿ ನೋಡಕೋತ ನಿಂತ್ರು. ಮುಖದ ಮ್ಯಾಲ ಏನೋ ಹಗರ ಆದಂಗ ಕಾಣಸ್ತು. ಒಂದ ಗಳಿಗಿ. ಆಮ್ಯಾಲ ನನ್ನ ಕಡೆ ತಿರಗಿದ್ರು.

"ಯಾವತ್ತ ಗೊತ್ತಾತು ನಿನಗ?"

"ನಿನ್ನೆ ನೋಡಿದ್ನಿ. ಆದ್ರ... ಸುದ್ದಿ ಕೇಳಿದ ದಿನಾನ ಗೊತ್ತಿತ್ತು ಅನಸ್ತೈತ್ರಿ."

"ನಾ ಹತ್ತನೇ ತಾರೀಖ ಬಂದಿದ್ನಿ. ಈ ಸ್ಟೂಲಿನ ಮ್ಯಾಲ ಕುಂತಿದ್ನಿ."

"ಹೌದ್ರಿ."

"ಅಪ್ಪರ್ ಹಾಕಿರೂದು ಆಗ್ತೈತೇನು ಅಂತ ನಿನ್ನ ಕೇಳಿದ್ನಿ. ಆಗಬಹುದು ಅಂದಿ."

ಇವ್ರು ಮುಂದ ಬಂದು "ಅಣ್ಣಾರ, ನಾನ ಸುಮ್ಮಿರು ಅಂದಿದ್ನಿ ಆಕಿಗೆ" ಅಂದ್ರು. ನಾ ಹೇಳಸಿದ್ದಲ್ಲ ಅದು.

"ಹನ್ನೆರಡ ದಿನ," ಅಂದ್ರು ಜಿನೇಂದ್ರಣ್ಣಾರು. "ನನ್ನ ಕೈ ನಾನ ನೋಡಕೋತ ಕುಂದ್ರತಿದ್ನಿ ಹನ್ನೆರಡ ದಿನ. ಕ್ಲಿಪ್ ಯಾರ ಕೈಯಾಗರೆ ಮುರೀತಿತ್ತು. ಇದು ಮುರದಿದ್ದು ಬ್ಯಾರೆ."

ನಡಕೋತ ಹೋದ್ರು. ಕತ್ತಲಾಗ ಬ್ಯಾಡ್ರಿ, ಬಿಟ್ಟ ಬರ್ತೀನಿ ಅಂತ ಇವ್ರು ಬೈಕ್ ತಗದ್ರು. ಹೊಳ್ಳಿ ನೋಡಲಿಲ್ಲ ಅವ್ರು. ಇವ್ರು ಬೈಕ್ ತಳ್ಳಿಕೋತ ಹಿಂದ ಹಿಂದ ಊರ ತನಕ ಹೋಗಿ ಬಂದ್ರು.

ಡಿಸೆಂಬರ್ ೨೩, ಸೋಮವಾರ

ಠಾಣಾಕ್ಕ ಜಿನೇಂದ್ರಣ್ಣಾರಿಗಿಂತ ಮೊದಲ ಹೋದ್ವಿ. ಹವಾಲ್ದಾರ ಮೊದಲ ನಕ್ಕ. "ಏನಬೇ, ಕೇಸ್ ನಿನ್ನ ಮ್ಯಾಲ ಬರಬೇಕೇನು? ಯಾರ ಕಲಿಸಿ ಕಳಿಸ್ಯಾರ? ಸಾವ್ಕಾರಗ ಉಳಸಾಕ ಬಂದಿಯೇನು?"

"ಯಾರೂ ಕಳಿಸಿಲ್ರಿ. ಬರಕೋರಿ."

ಬರದ. "ಕ್ಲಿಪ್ ಮುರದಿತ್ತು" ಅಂತ ಬರದಿದ್ದ. ಓದಿಸಿಕೊಂಡು, "ಹಂಗಲ್ರಿ, ನಾ ಮುರದ್ನಿ ಅಂತ ಹಾಕ್ರಿ" ಅಂದ್ನಿ. ತಾತ್ಯಾ ಮಾಮಾ ಒಂದ ಲೈಟ್ ಅಂದಿದ್ದನ್ನೂ ಬರಕೋರಿ ಅಂದ್ನಿ. ಬೈಕೋತ ಬರಕೊಂಡ.

ಗಾಡಿ ತಪಾಸ ಮಾಡೂ ಸಾಹೇಬ್ರು ಬಂದು ನೋಡ್ತಾರಂತ. ನನಗ ಕೋರ್ಟಿಗೆ ಕರೀಬಹುದಂತ. ಸಹಿ ಮಾಡಿದ್ನಿ. ಹೊರಗ ಬಂದ್ವಿ. ಇವ್ರು ಎಂದೂ ಮಂದ್ಯಾಗ ನನ್ನ ಕೈ ಹಿಡದವ್ರಲ್ಲ, ಇವತ್ತ ಹಿಡದ್ರು.

ಡಿಸೆಂಬರ್ ೨೬, ಗುರುವಾರ

ಕಾಲಿಗೆ ರಾಡ್ ಹಾಕಿ ತಾತ್ಯಾ ಮಾಮಾನ ಮನಿಗೆ ಕರಕೊಂಡ ಬಂದಾರಂತ ತಿಳೀತು. ಒಬ್ಬಾಕಿನ ವಸ್ತಿಗೆ ಹೋದ್ನಿ. ಸುದ್ದಿ ನನಗಿಂತ ಮೊದಲ ಹೋಗಿತ್ತು.

ಸುಂದರಾ ಮಾವಶಿ ಕಸಬರಿಗಿ ಹಿಡಕೊಂಡ ಅಂಗಳದಾಗ ನಿಂತಿದ್ರು.

"ಹಣ್ಣ ತಗೊಂಡ ಬಂದಿದ್ದಿ. ಸುಲದು ನಿನಗ ತಿನ್ನಸಿದ್ನಿ ನಾ, ನನ್ನ ಕೈಯಾರೆ. ಅಂವ ನಿನ್ನ ಮುಂದ ಒಂದ ಲೈಟ್, ಒಂದ ಲೈಟ್ ಅಂತ ಹೊಯ್ಕೊಂಡ. ಕೇಳಿ ಸುಮ್ಮನ ಹೋದಿ."

"ಹೌದ್ ಮಾವಶಿ."

"ನಾ ಅವಗ ಹುಚ್ಚ ಹಿಡದೈತಿ ಅಂದಿದ್ನಿ! ನನ್ನ ಗಂಡಗ!"

ಒಳಗಿಂದ ಮಾಮಾನ ದನಿ ಬಂತು: "ಏ, ಸಾಕ ಬಿಡ. ಖರೇ ಇತ್ತಲ್ಲ ನಾ ಹೇಳಿದ್ದು? ಅಷ್ಟ ಸಾಕ." ಆಮ್ಯಾಲ ನನಗ, "ಬಲಗಡೇದ ಇತ್ತಲ್ಲವ್ವ?"

"ಬಲಗಡೇದ ಮಾಮಾ."

ನನಗ ತಡೀಲಿಲ್ಲ, ಅತ್ತ ಬಿಟ್ನಿ. ಮಾವಶಿ ಇನ್ನೂ ಸಿಟ್ಟಿಗೆದ್ರು.

"ಅಳಬ್ಯಾಡ ಇಲ್ಲಿ. ಅತ್ರ ನನ್ನ ಎಮ್ಮಿ ಹಾಲ ಡೇರಿಗೆ ಹೋಗೂದಿಲ್ಲ. ಸ್ಕೂಟಿ ಐತಲ್ಲ ನಿನ್ನ ಕಡೆ? ನಾಳೆ ಐದೂವರಿಗೆ ಬಾ. ಕ್ಯಾನ್ ಒಯ್ಯಿ. ಅಂವ ಎದ್ದ ನಿಲ್ಲೂತನಕ ದಿನಾ ಬಾ. ಬರಲಿಲ್ಲಂದ್ರ ನಿನ್ನ ಮಾರಿ ಎಂದೂ ತೋರಿಸಬ್ಯಾಡ."

ಡಿಸೆಂಬರ್ ೨೮, ಶನಿವಾರ

ಎರಡನೇ ದಿನ. ಕಾಲವಿ ಹತ್ರ ಲಾರಿ ಎದುರಿಗೆ ಬಂತು. ರಸ್ತಾ ಇಲ್ಲ, ದಂಡಿ ಇಲ್ಲ, ನನ್ನ ಹ್ಯಾಂಡಲ್ ನನಗ ಕಾಣಲಿಲ್ಲ. ಬ್ರೇಕ್ ಹಿಡದು, ಎರಡೂ ಕಾಲ ಊರಿ ನಿಂತ್ನಿ. ಲಾರಿ ಹೋದ ಮ್ಯಾಲ ನೋಡಿದ್ರ ತಗ್ಗಿನ ಅಂಚಿಗೆ ಒಂದ ಮಾರ ಇದ್ನಿ. ಕ್ಯಾನ್ ಮುಟ್ಟಿ ನೋಡಿ, ನಿಧಾನಕ ಡೇರಿಗೆ ಹೋದ್ನಿ.

ಐದ ವರ್ಷ ಲೈಟಿನ ಕೆಲಸ ಮಾಡೀನಿ, ಎದುರಿಗೆ ಬರಾವ ಹೆಂಗ ಬರ್ತಾನ ಅಂತ ಒಂದ ದಿನಾ ನೋಡಿರಲಿಲ್ಲ.

ಜನವರಿ ೩, ಶುಕ್ರವಾರ

ವಾರದಾಗ ಎರಡ ಗಾಡಿ. ಇವ್ರು ಹೇಳಿದಂಗ ಆತು, ಆದ್ರ ಇವ್ರು "ನಾ ಹೇಳಿದ್ನಿಲ್ಲ" ಅನ್ನಲಿಲ್ಲ. ಇವತ್ತ ಕಬ್ಬೂರಾಂವ ಒಬ್ಬ ಬಂದಿದ್ದ. ಮೂರಕ್ಕ ಕೆಲಸ ಮುಗೀತು. ಕತ್ತಲಿ ಆಗೂತನಕ ನಿಲ್ಲರಿ, ಗ್ವಾಡಿ ಮ್ಯಾಲ ನೋಡಿ ಕೊಡತೀನಿ ಅಂದ್ನಿ. ಬಡಬಡಿಸಿದ, ಕೆಲಸ ಐತಿ ಅಂದ, ಚಾವಿ ಕೇಳಿದ. ಕೊಡಲಿಲ್ಲ. ಸಿಟ್ಟಿಲೆ ಊರಾಗ ಹೋಗಿ ಚಹಾ ಕುಡದು ಆರೂವರಿಗೆ ಬಂದ. ಎಡಗಡೇದು ಒಂದ ಗೇಣ ಮ್ಯಾಲ ಇತ್ತು. ಸ್ಕ್ರೂ ತಿರುವಿ ಇಳಿಸಿದ್ನಿ. ನೋಡಿ ರೊಕ್ಕಾ ಕೊಟ್ಟ ಹೋದ.

ಇನ್ನ ಮುಂದ ಮಧ್ಯಾಹ್ನದ ಮ್ಯಾಲನ ಗಾಡಿ ತಗೋಬೇಕು. ಅಂದ್ರ ಯಾರಿಗೂ ಕಾಯೂದು ಇರೂದಿಲ್ಲ.

ಜನವರಿ ೯, ಗುರುವಾರ

ಥಂಡಿ ಬಾಳ. ಸ್ವೆಟರ್ ಮ್ಯಾಲ ಇವ್ರ ಜಾಕೀಟ್ ಹಾಕ್ಕೊಂಡ ಹೋಗಿದ್ನಿ. ಮಾಮಾ ಇವತ್ತ ಕೋಲ ಹಿಡದು ಬಾಗಲ ತನಕ ಬಂದಿದ್ರು. ಮಾವಶಿ ಕ್ಯಾನ್ ಕಟ್ಟಕೋತ, ಹಗ್ಗ ಸಡ್ಲ ಐತಿ ಅಂತ ಬೈದ್ರು. ಚಹಾ ಕೊಟ್ರು.

ಕಾಲವಿ ಹತ್ರ ಎದುರಿಗೆ ಒಂದ ಕಾರು ಬಂತು. ಅಭ್ಯಾಸ ಆಗೇತಿ, ದಂಡಿಗೆ ತಗೊಂಡು ಕಾಲ ಊರಿ ನಿಂತ್ನಿ. ಕಾರೂ ನಿಂತಿತು, ಅಷ್ಟ ದೂರ. ಬೆಳಕು ಕೆಳಗ ಇತ್ತು, ಎರಡೂ, ನನ್ನ ಗಾಲಿ ಮುಂದ ಡಾಂಬರಿನ ಮ್ಯಾಲ. ಹತ್ರ ಹೋದ ಮ್ಯಾಲ ಬಿಳಿ ಕಾರು ಅಂತ ತಿಳೀತು. ತಪಾಸಿ ಮುಗದ ಮ್ಯಾಲ ಅಣ್ಣಾರು ಹೊಸಾ ಲೈಟ್ ಹಾಕಿಸ್ಯಾರ ಅಂತ ಸುದ್ದಿ ಕೇಳಿದ್ನಿ. ತಾವಾಗೇ ಹೊಡಕೊಂಡ ಹೊರಗ ಬಂದಾರ ಅಂತ ಯಾರೂ ಹೇಳಿರಲಿಲ್ಲ.

ಕಿಡಕಿ ಕಾಚು ಇಳಿಸಿದ್ರು. ನನ್ನ ಮುಖ ನೋಡಲಿಲ್ಲ, ಹಾಲಿನ ಕ್ಯಾನ್ ನೋಡಿದ್ರು.

"ಕಣ್ಣಿಗೆ ಹೊಡೀತೇನು?"

"ಇಲ್ರಿ ಅಣ್ಣಾರ. ರಸ್ತಾ ಕಾಣಾಕತ್ತೈತಿ."

"ಖರೇ ಹೇಳು."

"ಖರೇನ್ರಿ."

ಮುಂದ ಬಗ್ಗಿ ಡಾಂಬರಿನ ಮ್ಯಾಲಿನ ಬೆಳಕ ನೋಡಿದ್ರು.

"ಹೋಗು ಹಂಗಾರ," ಅಂದ್ರು. "ಹಾಲ ಕೆಡತೈತಿ."

ನಾ ದಾಟಿ ಹೋಗೂತನಕ ಕಾರು ಅಲ್ಲೇ ನಿಂತಿತ್ತು.